ಬೆಂಕಿಪೊಟ್ಟಣ

ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಕೊನೆಗೆ ನನ್ನ ಗೆಳೆಯನನ್ನೇ ಕೇಳಿದೆ. "ಬರಿ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದ.

ಅವನು ಕಾಲೋನಿ ಹುಡುಗ. ಅವರಪ್ಪ ತಮಟೆ ಬಾರಿಸುತ್ತಾರೆ. ಸಾವಾದರೂ ಜಾತ್ರೆಯಾದರೂ ಅವರನ್ನೇ ಕರೆಯುತ್ತಾರೆ. ಆದರೆ ಜಾತ್ರೆಯಲ್ಲಿ ಅವರು ಗುಡಿಯ ಹೊರಗೇ ನಿಂತು ಬಾರಿಸಬೇಕು. ಯಾಕೆ ಅಂತ ಕೇಳಿದರೆ ನಮ್ಮಜ್ಜಿ ಬೈತಾರೆ.

ನಾನು ಎರಡು ವರ್ಷದಿಂದ ಹಾರ್ಮೋನಿಯಂ ಇಟ್ಟುಕೊಂಡು ಹಾಡು ಕಲಿಯುತ್ತಿದ್ದೇನೆ. ರಾಜ್ಯೋತ್ಸವಕ್ಕೆ ತಾಲ್ಲೂಕಿನಲ್ಲಿ ಒಬ್ಬನೇ ಹಾಡಲು ನನ್ನನ್ನೇ ಆರಿಸುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಅವನ ತಮಟೆಯನ್ನು ಆರಿಸಿದರು. ನನ್ನನ್ನು ನಾಡಗೀತೆಯ ಗುಂಪಿಗೆ ಹಾಕಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರ ವಿಷಯ ಹೇಳಿದರು. ತಮಟೆ ಬಾರಿಸಿದ್ದಕ್ಕೇ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಂತೆ! ಎಲ್ಲರೂ ಗೆಳೆಯನ ಕಡೆ ನೋಡಿ ಚಪ್ಪಾಳೆ ಹೊಡೆದರು. ನಾನು ಹೊಡೆದಂತೆ ಮಾಡಿದೆ, ಸದ್ದು ಬರಲಿಲ್ಲ.

ಆ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ತಮಟೆಯದು ಚರ್ಮ ಅಲ್ಲವೇ, ಥಂಡಿಗೆ ಸಡಿಲವಾಗಿ ದಬ್ ದಬ್ ಅನ್ನುತ್ತೆ. ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗಿಯಾಗಿ ಜೋರಾಗಿ ನುಡಿಯುತ್ತೆ. ಅವನ ಬೆಂಕಿಪೊಟ್ಟಣ ನೆನೆದುಹೋಗಿತ್ತು.

"ನಿನ್ನತ್ರ ಬೆಂಕಿಪೊಟ್ಟಣ ಐತೇನೋ?" ಅಂದ.

ಭುವನೇಶ್ವರಿ ಪಟಕ್ಕೆ ಊದುಬತ್ತಿ ಹಚ್ಚಲು ಮೇಷ್ಟ್ರು ಕೊಟ್ಟಿದ್ದ ಪೊಟ್ಟಣ ನನ್ನ ಜೇಬಿನಲ್ಲೇ ಇತ್ತು.

"ಇಲ್ಲ ಕಣೋ" ಅಂದೆ.

ಅವನು ಮಳೆಯಲ್ಲೇ ಟೀ ಅಂಗಡಿಗೆ ಓಡಿದ. ಅಲ್ಲಿ ಒಲೆ ಮುಂದೆ ತಮಟೆ ಕಾಯಿಸಿಕೊಂಡು ಬಂದು ಬಾರಿಸಿದ. ಹೇಗೆ ಬಾರಿಸಿದ ಅಂತ ಬರೆಯೋಕೆ ನನಗೆ ಬರಲ್ಲ. ಕುಣಿಯಬಾರದು ಅಂತ ಗಟ್ಟಿಯಾಗಿ ನಿಂತಿದ್ದೆ, ಆದರೂ ಕಾಲು ತಾನಾಗಿ ತಾಳ ಹಾಕಿತು. ಅವರಪ್ಪನನ್ನೂ ವೇದಿಕೆಗೆ ಕರೆದು, ಶಾಲು ಹೊದಿಸಿ, ಕುರ್ಚಿ ಕೊಟ್ಟರು. ಅವರು ಕುರ್ಚಿಯ ತುದಿಯಲ್ಲೇ ಕೂತರು.

ವಾಪಸ್ ಬರುವಾಗ ಟೆಂಪೋದಲ್ಲಿ ಅವನು ಮೆಲ್ಲಗೆ ಹೇಳಿದ: "ನಿನ್ನ ಜೇಬಲ್ಲಿ ಪೊಟ್ಟಣ ಇತ್ತು. ನೀನು ನಡೆಯುವಾಗ ಕಡ್ಡಿ ಅಲ್ಲಾಡೋದು ಕೇಳಿಸ್ತು." ಅಷ್ಟೇ ಹೇಳಿದ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಹೋಗಿ "ತಪ್ಪಾಯ್ತು ಕಣೋ" ಅಂದೆ.

ಈಗ ಶನಿವಾರ ಮಧ್ಯಾಹ್ನ ಅವರ ಮನೆ ಜಗಲಿಯಲ್ಲಿ ಅವನು ನನಗೆ ತಮಟೆ ಹೇಳಿಕೊಡುತ್ತಾನೆ. ಬಲಗೈ ಸರಿ ಬರುತ್ತೆ, ಎಡಗೈ ಕೈಕೊಡುತ್ತೆ. ಅವನು ಬಾರಿಸುವಾಗ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತೆ, ಸುಳ್ಳು ಯಾಕೆ ಹೇಳಲಿ. ನಾನು ಅಲ್ಲಿಗೆ ಹೋಗೋದು ನಮ್ಮಜ್ಜಿಗೆ ಗೊತ್ತಿಲ್ಲ. ಓದಿದವರು ಯಾರೂ ಹೇಳಬೇಡಿ.

– ಏಳನೇ ತರಗತಿ