ನಾಲೆಯ ದಂಡೆಯ ಓಟ

ನಮ್ಮ ಊರು ಬೇವೂರು. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದು, ಆ ಬಳಿಕ ಹೊಸ ಕೊಪ್ಪಳ ಜಿಲ್ಲೆಗೆ ಸೇರಿದ ಯಲಬುರ್ಗಾ ತಾಲೂಕಿನದು. ಹೆಸರಿನಲ್ಲಿಯೇ ಬೇವನ್ನು ಹೊತ್ತಿರುವ ಊರಿಗೆ ನೆರಳೆಂದರೆ ಬೇವಿನದೇ ನೆರಳು. ಉಳಿದುದೆಲ್ಲ ಬಟ್ಟಬಯಲು. ಒಂದು ಕಡೆ ಎರೆಹೊಲ, ಇನ್ನೊಂದು ಕಡೆ ಮಸಾರಿ. ಮುಂಗಾರಿಗೆ ಸಜ್ಜೆ, ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ ನಮ್ಮವರು ಕೈಮುಗಿಯುತ್ತಾರೆ. 2018ರಲ್ಲಿ ಅದೂ ಆಗಲಿಲ್ಲ. ಕಾವೇರಿಯ ಸೀಮೆಯಲ್ಲಿ ಆ ವರ್ಷ ಮಳೆ ಸಮೃದ್ಧವಾಗಿ ಸುರಿದು ಕನ್ನಂಬಾಡಿ ಕಟ್ಟೆ ತುಂಬಿತ್ತು. ನಮ್ಮಲ್ಲಿ ಮಾತ್ರ ಸಜ್ಜೆಯ ತೆನೆ ಹಾಲುಗಟ್ಟುವ ಮೊದಲೇ ಬಾಡಿತ್ತು.

ಅದಕ್ಕೂ ಹಿಂದಿನ ವರ್ಷ ನಮ್ಮ ತಮ್ಮ ತೀರಿಕೊಂಡಿದ್ದ. ವಯಸ್ಸು ಐವತ್ತೆರಡು. ಮುಂಜಾನೆ ಹೊಲಕ್ಕೆ ಹೋದವನು ಬದುವಿನ ಮೇಲೆ ಟವಲು ಹಾಸಿಕೊಂಡು ಮಲಗಿದ್ದ. ದಣಿದು ಮಲಗಿದ್ದಾನೆಂದು ದಾರಿಯಲ್ಲಿ ಹೋಗುವವರು ಎಬ್ಬಿಸಲಿಲ್ಲ. ಬುತ್ತಿ ಒಯ್ದವರು ಕೂಗಿದಾಗಲೇ ತಿಳಿದದ್ದು. ಹೃದಯಾಘಾತವೆಂದು ವೈದ್ಯರು ಹೇಳಿದರು. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣ ಮುಂದೆ ಓದುಗರಿಗೆ ತಿಳಿದೀತು.

ತಮ್ಮನ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಳು. ತಂದೆ ಹೋದ ಕೆಲವು ತಿಂಗಳುಗಳ ಮೇಲೆ ಆಕೆ ಓಡತೊಡಗಿದಳು. ಮೊದಲು ಮನೆಯ ಹತ್ತಿರದ ಉದ್ಯಾನದ ಸುತ್ತ, ಆಮೇಲೆ ರಸ್ತೆಯ ಮೇಲೆ. ಊರಿಗೆ ಬಂದಾಗ ನಸುಕಿನಲ್ಲಿಯೇ ಎದ್ದು ಹೊಲದ ದಾರಿ ಹಿಡಿದು ಓಡುತ್ತಿದ್ದಳು. ಎತ್ತು ಹೊಡೆದುಕೊಂಡು ಹೋಗುವವರು ನಿಂತು, ‘ಏನವ್ವಾ, ಬಸ್ಸು ತಪ್ಪೇತೇನು?’ ಎಂದು ಕೇಳುತ್ತಿದ್ದರು. ಆಕೆ ನಗುತ್ತ ಕೈಬೀಸಿ ಮುಂದೆ ಹೋಗುತ್ತಿದ್ದಳು. ಆಕೆಯ ತಾಯಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಬಳಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ, ಇಪ್ಪತ್ತೊಂದು ಕಿಲೋಮೀಟರು ಓಡುತ್ತೇನೆ ಎಂದು ಆಕೆ ದೂರವಾಣಿಯಲ್ಲಿ ಹೇಳಿದ ದಿನ ಆ ತಾಯಿ ನಮ್ಮ ಬಳಿಗೆ ಬಂದು ಕುಳಿತರು. ‘ಭಾವಾರ, ಅವರಪ್ಪನ ಎದಿ ಹಂಗಾತು. ಇಕಿ ನೋಡಿದರ ಓಡತೀನಿ ಅಂತಾಳ. ನಿಮ್ಮ ಮಾತು ಕೇಳತಾಳ, ನೀವು ಹೋಗಿ ಬಿಡಿಸ್ರಿ’ ಎಂದರು. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಶಾಸ್ತ್ರವಾಕ್ಯಗಳಿಗೆ ಅರ್ಥ ಹೇಳಿ ಅಭ್ಯಾಸವುಂಟು. ಇಂತಹ ಮಾತಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಹೋಗಿ ಬರುತ್ತೇವೆ ಎಂದೆವು. ಬಿಡಿಸುತ್ತೇವೆ ಎಂದು ಹೇಳಲಿಲ್ಲ. ಆ ತಾಯಿ ಅದನ್ನು ಗಮನಿಸಿದರೋ ಇಲ್ಲವೋ ಅರಿಯೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಎಲ್ಲವನ್ನೂ ಎರಡು ಮನೆಗಳಿಗಾಗುವಷ್ಟು ಕಟ್ಟಿಕೊಟ್ಟರು.

ಕೊಪ್ಪಳದಿಂದ ರಾತ್ರಿಯ ರೈಲು ಹಿಡಿದು ಬೆಂಗಳೂರು ಸೇರಿ, ಮರುದಿನ ಮಗಳೊಡನೆ ಶ್ರೀರಂಗಪಟ್ಟಣಕ್ಕೆ ಹೊರಟೆವು. ಮದ್ದೂರು ದಾಟಿ ಮಂಡ್ಯ ಸಮೀಪಿಸುತ್ತಿದ್ದಂತೆ ಕಿಟಕಿಯ ಹೊರಗಿನ ಹಸಿರು ಕಣ್ಣಿಗೆ ನೋವಾಗುವಷ್ಟಿತ್ತು. ಕಬ್ಬು, ಭತ್ತ, ಮತ್ತೆ ಕಬ್ಬು. ಬಾಡಿದ ಸಜ್ಜೆಯನ್ನು ನೋಡಿ ಬಂದ ಕಣ್ಣುಗಳಿಗೆ ಅಸೂಯೆಯೂ ಆಯಿತೆಂದು ಒಪ್ಪಿಕೊಳ್ಳಬೇಕು.

ದಾರಿಯಲ್ಲಿ ವಿಷಯವನ್ನೆತ್ತಿದೆವು. ಮಗಳು ವಾದಿಸಲಿಲ್ಲ. ಚೀಲದಿಂದ ಕಾಗದಗಳನ್ನು ತೆಗೆದು ನಮ್ಮ ಮುಂದಿಟ್ಟಳು. ಓಟಕ್ಕೆ ಹೆಸರು ಕೊಡುವ ಮೊದಲೇ ಹೃದಯವೈದ್ಯರನ್ನು ಕಂಡು, ತಂದೆಯ ವಿಷಯವನ್ನೆಲ್ಲ ಹೇಳಿ, ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತದ ಕೊಬ್ಬು ಮತ್ತು ಸಕ್ಕರೆಯ ಪರೀಕ್ಷೆ ಎಲ್ಲವನ್ನೂ ಮಾಡಿಸಿಕೊಂಡಿದ್ದಳು. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯರೋಗ ಬಂದಿದ್ದರೆ ಮಕ್ಕಳು ಹೀಗೆ ಪರೀಕ್ಷೆ ಮಾಡಿಸಿಕೊಂಡೇ ದೂರದ ಓಟಕ್ಕೆ ಇಳಿಯಬೇಕಂತೆ. ಹಾಗೆಂದು ಕೈಕಾಲು ಆಡಿಸದೆ ಕೂಡುವುದೂ ಹೃದಯಕ್ಕೆ ಹಿತವಲ್ಲ. ‘ದೊಡ್ಡಪ್ಪ, ಡಾಕ್ಟರು ಓಡು ಅಂದಾರ. ಎದಿ ಬಿಗಿದರ, ತಲಿ ತಿರುಗಿದರ ಅಲ್ಲೇ ನಿಲ್ಲು ಅಂದಾರ. ನಿಲ್ಲತೀನಿ ಅಂತ ಅವ್ವಗ ಆಣಿ ಮಾಡೀನಿ’ ಎಂದಳು. ನಾವು ಕಾಗದಗಳನ್ನು ಮಡಿಸಿ ಕೊಟ್ಟೆವು. ಅಲ್ಲಿಗೆ ನಮ್ಮ ದೂತಕಾರ್ಯ ಮುಗಿಯಿತು.

ಹಾಗೆ ನೋಡಿದರೆ ನಾವೂ ಸಿಕ್ಕಿಬಿದ್ದಿದ್ದೆವು. ನಮಗೆ ಆಗ ಅರವತ್ತು ಸಮೀಪಿಸಿತ್ತು. ಸಕ್ಕರೆಯ ಕಾಯಿಲೆ ಹತ್ತಿ ಕೆಲವು ವರ್ಷಗಳಾಗಿದ್ದವು. ಬಾಲ್ಯದಲ್ಲಿ ಮಠದ ವಿದ್ಯಾರ್ಥಿಗಳ ಪ್ರಸಾದಕ್ಕಾಗಿ ಜೋಳಿಗೆ ಹೊತ್ತು ಹಳ್ಳಿ ಹಳ್ಳಿ ತಿರುಗಿದ ಕಾಲುಗಳು ಪುಸ್ತಕದ ಮುಂದೆ ಕುಳಿತು ಕುಳಿತು ಜಡವಾಗಿದ್ದವು. ಮಗಳು ನಮಗೆ ತಿಳಿಸದೆಯೇ ಹತ್ತು ಕಿಲೋಮೀಟರಿನ ಪಟ್ಟಿಯಲ್ಲಿ ನಮ್ಮ ಹೆಸರನ್ನು ಬರೆಸಿಬಿಟ್ಟಿದ್ದಳು. ‘ಓಡಬ್ಯಾಡ್ರಿ, ನಡೀರಿ’ ಎಂಬ ರಿಯಾಯಿತಿಯೊಡನೆ.

ಈ ಓಟವನ್ನು 2007ರಲ್ಲಿ ಆರಂಭಿಸಿದವರು ‘ರನ್ನರ್ಸ್ ಫಾರ್ ಲೈಫ್’ ಎಂಬ ಬೆಂಗಳೂರಿನ ಓಟಗಾರರ ಬಳಗದವರು. ಮಹಾನಗರಗಳಲ್ಲಿ ಹತ್ತಾರು ಸಾವಿರ ಜನ ಸೇರಿ ಡಾಂಬರು ರಸ್ತೆಯ ಮೇಲೆ ಓಡುವ ಉತ್ಸವಗಳಿಗೂ ಇದಕ್ಕೂ ಹೋಲಿಕೆಯಿಲ್ಲ. ಇಲ್ಲಿ ಜನ ಕಡಿಮೆ. ರಂಗನತಿಟ್ಟಿನ ಪಕ್ಷಿಧಾಮದ ಸಮೀಪ ನಾಲೆಯ ದಂಡೆಯ ಮೇಲಿನ ಮಣ್ಣಿನ ದಾರಿಯಲ್ಲಿ ಹೋಗುವುದು, ಅದೇ ದಾರಿಯಲ್ಲಿ ಹಿಂದಿರುಗುವುದು. ಮಳೆಗಾಲ ಹಿಂದೆ ಸರಿದು ಶರತ್ಕಾಲ ಕಣ್ಣು ತೆರೆಯುವ ಹೊತ್ತಿಗೆ ನಡೆಯುವುದರಿಂದ ನಾಲೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ.

ನೀರಿಲ್ಲದ ನಾಡಿನಿಂದ ಬಂದವರಿಗೆ ಆ ನಾಲೆಯೇ ಒಂದು ಅಧ್ಯಯನ. ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು ಶ್ರೀರಂಗಪಟ್ಟಣವನ್ನು ದ್ವೀಪವಾಗಿಸಿದ್ದಾಳೆ. ಕನ್ನಂಬಾಡಿ ಕಟ್ಟೆ 20ನೆಯ ಶತಮಾನದ ಕೆಲಸ. ಆದರೆ ಮೈಸೂರಿನ ಅರಸರು ಅದಕ್ಕೂ ಎಷ್ಟೋ ಮೊದಲೇ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಗಳನ್ನು ಕಟ್ಟಿ ನಾಲೆಗಳನ್ನು ತೆಗೆಸಿದ್ದರು. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದೂ 17ನೆಯ ಶತಮಾನದ ಅಂತಹ ಒಂದು ಅಣೆಯ ಫಲವಾಗಿಯೇ. ಮನುಷ್ಯ ಗದ್ದೆಗೆಂದು ನೀರು ನಿಲ್ಲಿಸಿದ. ಹಕ್ಕಿಗಳು ಅದನ್ನೇ ತಮ್ಮ ಮನೆ ಮಾಡಿಕೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು.

ದೂರದ ಓಟ ಪರದೇಶದ ಹವ್ಯಾಸವೆಂದು ನಾವೂ ಭಾವಿಸಿದ್ದೆವು. ಹೆಸರು ಗ್ರೀಸಿನದು ನಿಜ. 42.195 ಕಿಲೋಮೀಟರೆಂಬ ವಿಚಿತ್ರ ಲೆಕ್ಕ 1908ರ ಲಂಡನ್ ಒಲಿಂಪಿಕ್ಸಿನದು. 1921ರಲ್ಲಿ ಅದೇ ಅಳತೆ ಸ್ಥಿರವಾಯಿತು. ಆದರೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅಂಚೆ ಏರ್ಪಟ್ಟಾಗ ಇದೇ ಶ್ರೀರಂಗಪಟ್ಟಣ ರಾಜಧಾನಿ. ಓಲೆಯ ಚೀಲ ಹೊತ್ತು ಓಡುವುದೇ ಅಂದಿನ ಅಂಚೆಯವರ ಕಾಯಕ. 1889ರಲ್ಲಿ ಆ ಅಂಚೆ ಬ್ರಿಟಿಷರ ವ್ಯವಸ್ಥೆಯಲ್ಲಿ ಲೀನವಾಯಿತು. ಇನ್ನೊಂದು ಸಂಗತಿ ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಒಲಿಂಪಿಕ್ಸಿನ ಮ್ಯಾರಥಾನ್ ಓಡಿದ ಮೊದಲ ಭಾರತೀಯರಲ್ಲಿ ಒಬ್ಬರು ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆಯವರು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಆ ದಾರಿ ಇನ್ನೂ ಉದ್ದ, 42.75 ಕಿಲೋಮೀಟರು. ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಅವರು 19ನೆಯವರಾದರು. ನಮ್ಮ ಶಾಲೆಯ ಯಾವ ಪುಸ್ತಕದಲ್ಲಿಯೂ ಈ ಹೆಸರನ್ನು ನಾವು ಕಾಣಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಮಗಳ ಗುಂಪು ಹೊರಟಿತು. ಹತ್ತು ಕಿಲೋಮೀಟರಿನವರನ್ನು ಆ ಬಳಿಕ ಬಿಟ್ಟರು. ನಮ್ಮ ಪಂಚೆ ಜುಬ್ಬವನ್ನು ಕಂಡು ಕೆಲವು ತರುಣರು ಗೌರವದಿಂದ ದಾರಿ ಬಿಟ್ಟರು. ಬಹುಶಃ ಪ್ರಾರ್ಥನೆ ಹೇಳಲು ಬಂದವರೆಂದು ತಿಳಿದಿರಬೇಕು. ಎದೆಯ ಮೇಲೆ ಸಂಖ್ಯೆಯ ಚೀಟಿಯನ್ನು ಕಂಡ ಮೇಲೆ ನಕ್ಕರು, ನಾವೂ ನಕ್ಕೆವು. ರಾತ್ರಿ ಬಿದ್ದ ಇಬ್ಬನಿಗೆ ಮಣ್ಣು ಹದವಾಗಿತ್ತು. ಎಡಕ್ಕೆ ಸದ್ದಿಲ್ಲದೆ ಹರಿಯುವ ನೀರು, ಬಲಕ್ಕೆ ತಗ್ಗಿನಲ್ಲಿ ಭತ್ತದ ಗದ್ದೆ, ಅದರೊಳಗೆ ಒಂಟಿಕಾಲಿನ ಬೆಳ್ಳಕ್ಕಿ. ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ತಾಯಂದಿರು ತಲೆಯೆತ್ತಿ, ಹೋಗುವವರನ್ನೂ ಬರುವವರನ್ನೂ ಎಣಿಸುತ್ತಿದ್ದರು. ಅಲ್ಲಲ್ಲಿ ಬಾಳೆಹಣ್ಣು, ನೀರು, ಉಪ್ಪು ಬೆರೆಸಿದ ಪಾನಕ. ಬಾಯಾರಿದಷ್ಟೇ ಕುಡಿಯಬೇಕು; ಹೆದರಿ ಮಿತಿಮೀರಿ ನೀರು ಕುಡಿದರೆ ರಕ್ತದಲ್ಲಿನ ಉಪ್ಪಿನ ಅಂಶ ಕುಗ್ಗಿ ಅದೂ ಅಪಾಯವೆಂದು ಮಗಳು ಮೊದಲೇ ಹೇಳಿದ್ದಳು.

ಮೂರನೆಯ ಕಿಲೋಮೀಟರಿನವರೆಗೆ ಉತ್ಸಾಹ, ಐದರವರೆಗೆ ಮಾನ. ಹಿಂದಿರುಗುವಾಗ ಮೊಣಕಾಲು ತನ್ನ ವಯಸ್ಸನ್ನು ಹೇಳತೊಡಗಿತು. ಆದರೂ ಎರಡು ಗಂಟೆಯೊಳಗೆ ಗುರಿಯ ಕಮಾನನ್ನು ಮುಟ್ಟಿ ಮರದ ಕೆಳಗೆ ಕುಳಿತೆವು.

ಕುಳಿತದ್ದು ಕಷ್ಟವಾಯಿತು. ಒಂಬತ್ತು ಗಂಟೆಗೆಲ್ಲ ಬರುತ್ತೇನೆಂದವಳು ಬರಲಿಲ್ಲ. ಬಿಸಿಲು ಏರಿತು. ಅವಳೊಡನೆ ಹೊರಟವರೆಲ್ಲ ಒಬ್ಬೊಬ್ಬರಾಗಿ ಬಂದು ಪದಕ ಕೊರಳಿಗೆ ಹಾಕಿಕೊಂಡು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಒಂಬತ್ತೂವರೆಗೆ ಊರಿನಿಂದ ದೂರವಾಣಿ ಬಂದಿತು. ‘ಮುಗೀತೇನ್ರಿ ಭಾವಾರ?’ ‘ಇನ್ನೇನು ಬರತಾಳ’ ಎಂದೆವು. ಆ ಎರಡು ಶಬ್ದಗಳನ್ನಾಡುವಾಗ ನಮ್ಮ ನಾಲಗೆ ಒಣಗಿತ್ತು. ದಾರಿಯ ಕೊನೆಯನ್ನು ನೋಡುತ್ತ ನಿಂತೆವು; ಆ ಕಾಗದಗಳನ್ನು ಅಷ್ಟು ಬೇಗ ಮಡಿಸಿ ಕೊಡಬಾರದಿತ್ತೆನಿಸಿತು. ಸ್ವಯಂಸೇವಕರೊಬ್ಬರನ್ನು ಕೇಳಿದೆವು. ಅವರು ಮುಂದಿನ ನೀರಿನ ಠಾಣೆಗೆ ವಿಚಾರಿಸುತ್ತಿರುವಾಗಲೇ ತಿರುವಿನಲ್ಲಿ ಅವಳು ಕಂಡಳು. ಕುಂಟುತ್ತಿರಲಿಲ್ಲ, ಏದುಸಿರೂ ಇರಲಿಲ್ಲ. ನಿಧಾನವಾಗಿ, ಒಂದೇ ಹದದಲ್ಲಿ ಓಡುತ್ತ ಬಂದಳು.

ಏನಾಯಿತೆಂದು ಕೇಳಿದೆವು. ಮೊದಲು ನೀರು ಕುಡಿದಳು. ಬಳಿಕ ಹೇಳಿದಳು. ಹದಿನೈದನೆಯ ಕಿಲೋಮೀಟರಿನ ಹತ್ತಿರ ಗದ್ದೆಯ ಬದುವಿನ ಮೇಲೆ ಒಬ್ಬ ಹಿರಿಯರು ಟವಲು ಹಾಸಿಕೊಂಡು ಮಲಗಿದ್ದರು. ಮುಂದೆ ಹೋದವರೆಲ್ಲ ಹಾಗೆಯೇ ಹೋದರು. ಇವಳ ಕಾಲು ನಿಂತುಬಿಟ್ಟಿತು. ಕೂಗಿದರೆ ಏಳದಿದ್ದರೆ ಏನು ಗತಿಯೆಂದು ಕೂಗುವ ಧೈರ್ಯವೂ ಬರಲಿಲ್ಲ. ಬಿಟ್ಟುಹೋಗುವ ಮನಸ್ಸೂ ಬರಲಿಲ್ಲ. ‘ಉಸಿರಾಡತಾರ ಇಲ್ಲೋ ದೂರದಿಂದ ಕಾಣಸಲಿಲ್ಲ ದೊಡ್ಡಪ್ಪ. ಸುಮ್ಮನ ನಿಂತೆ.’ ಎಷ್ಟು ಹೊತ್ತೆಂದು ಅವಳಿಗೂ ತಿಳಿಯದು. ಕೊನೆಗೆ ಬದುವಿಗೆ ಇಳಿದು ಹೋಗಿ, ‘ಯಜ್ಜಾ’ ಎಂದಳಂತೆ. ಆ ಹಿರಿಯರು ಥಟ್ಟನೆ ಎದ್ದು ಕುಳಿತು, ‘ಯಾಕವ್ವ ನಿಂತ್ಕಂಡೆ? ಓಡು ಓಡು, ಎಲ್ಲಾ ಮುಂದಕ್ಕೆ ಹೊಂಟೋದ್ರು’ ಎಂದು ಗದರಿದರಂತೆ. ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ ಕಣ್ಣು ಮುಚ್ಚಿದ್ದರಂತೆ.

ಅದನ್ನು ಹೇಳಿ ಮುಗಿಸಿ ಅವಳು ನಕ್ಕಳು. ಆಮೇಲೆ ಬಹಳ ಹೊತ್ತು ಅತ್ತಳು. ತಂದೆ ತೀರಿದ ದಿನವೂ ಅವಳು ಹಾಗೆ ಅತ್ತದ್ದನ್ನು ನಾವು ಕಂಡಿರಲಿಲ್ಲ. ನಾವು ಏನೂ ಹೇಳಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೈಗಿಟ್ಟೆವು. ಪಕ್ಕದಲ್ಲಿ ಕುಳಿತ ಅಪರಿಚಿತ ಓಟಗಾರರಿಗೂ ಶೇಂಗಾ ಹಿಂಡಿ ಹಂಚಿಕೆಯಾಯಿತು. ಖಾರಕ್ಕೆ ಅವರ ಕಣ್ಣಲ್ಲಿಯೂ ನೀರು ಬಂದದ್ದರಿಂದ ಯಾರ ಕಣ್ಣೀರು ಯಾವುದೆಂದು ತಿಳಿಯದೆ ಹೋಯಿತು.

ಮೂರನೆಯ ದಿನ ಬೇವೂರಿಗೆ ಮರಳಿದೆವು. ಬಸ್ಸಿಳಿದಾಗ ಅದೇ ಒಣಗಾಳಿ, ಅದೇ ಬೇವಿನ ನೆರಳು. ಆ ತಾಯಿ ಅಂಗಳದಲ್ಲಿಯೇ ಕಾಯುತ್ತಿದ್ದರು. ಮಗಳು ಎಷ್ಟನೆಯವಳಾಗಿ ಬಂದಳೆಂದು ಕೇಳಲಿಲ್ಲ. ಬದುವಿನ ಸಂಗತಿಯನ್ನು ನಾವೂ ಆಗ ಹೇಳಲಿಲ್ಲ; ಹೇಳಬೇಕಾದವಳು ಅವಳು.

‘ದಾರಿಯೊಳಗ ನೀರು ಕೊಟ್ಟರೇನ್ರಿ?’ ಎಂದರು.

‘ಕೊಟ್ಟರು. ಎರಡೆರಡು ಮೈಲಿಗೆ ಇಟ್ಟಿದ್ದರು.’

‘ಹಂಗಾದರ ಛಲೋ ಮಂದಿ’ ಎಂದು, ನಮಗೆ ಕಾಲು ತೊಳೆಯಲು ಕೊಡದಲ್ಲಿ ಉಳಿದಿದ್ದ ನೀರನ್ನು ತರಲು ಒಳಗೆ ಹೋದರು.