ಹಳೆಯ ಕಿಟಕಿಗಳು ಮತ್ತು ಅನರ್ಥದಂಡವಿರತಿ

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡಬಳ್ಳಿ ಕಡಿಯುವುದು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಹಿತ್ತಲಿನ ಸಣ್ಣ ಕೆಲಸದಲ್ಲಿಯೂ ಈ ವ್ರತ ಪರೀಕ್ಷೆಗೆ ಒಳಗಾಗುತ್ತದೆ ಎಂಬುದಕ್ಕೆ ಅಮೆರಿಕದ ಈಶಾನ್ಯ ಭಾಗದಲ್ಲಿ ನೆಲೆಸಿರುವ ಶ್ರಾವಕರೊಬ್ಬರ ಅನುಭವ ನಿದರ್ಶನವಾಗಿದೆ.

ಆ ಪ್ರದೇಶದ ಹಿಮಕ್ಕೆ ಎಳೆಯ ಸೊಪ್ಪು ಉಳಿಯದು. ಆದುದರಿಂದ ಅಲ್ಲಿಯವರು 'ಕೋಲ್ಡ್ ಫ್ರೇಮ್' ಎಂಬ, ತಳವಿಲ್ಲದ, ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ನೆಲದ ಮೇಲಿರಿಸಿ ಪಾಲಕ್, ಲೆಟಿಸ್, ಕೊತ್ತಂಬರಿ ಬೆಳೆಯುತ್ತಾರೆ. ಹಿಂದಿನ ಹಲಗೆ ಸುಮಾರು 18 ಅಂಗುಲ, ಮುಂದಿನದು 12 ಅಂಗುಲ ಎತ್ತರ. ಇಳಿಜಾರಾದ ಗಾಜು ದಕ್ಷಿಣಕ್ಕೆ ಮುಖಮಾಡಿ ಚಳಿಗಾಲದ ಓರೆ ಬಿಸಿಲನ್ನು ಒಳಗೆ ಬಿಡುತ್ತದೆ, ಮಳೆನೀರು ಜಾರಿಹೋಗುತ್ತದೆ. ಮುಚ್ಚಳಕ್ಕೆ ಹಳೆಯ ಕಿಟಕಿಯ ಬಾಗಿಲೇ ಸಾಕು.

ದುರಸ್ತಿಯಾಗುತ್ತಿದ್ದ ನೆರೆಮನೆಯಿಂದ ಅವರಿಗೆ ಆರು ಮರದ ಕಿಟಕಿಗಳು ಉಚಿತವಾಗಿ ದೊರೆತವು. ಹೊಸ ವಸ್ತು ಕೊಳ್ಳಬೇಕಾಗಿಲ್ಲ, ಹಳೆಯದು ಕಸವಾಗುವುದಿಲ್ಲ. ಅಪರಿಗ್ರಹಕ್ಕೆ ಇದಕ್ಕಿಂತ ಅನುಕೂಲವೇನು? ಆದರೆ ಆ ಮನೆ ಬಹಳ ಹಳೆಯದು. ಮನೆಗಳಿಗೆ ಬಳಿಯುವ ಸೀಸಯುಕ್ತ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಪರೀಕ್ಷೆ ಮಾಡಿಸಿದಾಗ ಕಿಟಕಿಗಳ ಬಣ್ಣದಲ್ಲಿ ಸೀಸವಿರುವುದು ಖಚಿತವಾಯಿತು. ಬಿಸಿಲು ಮಳೆಗೆ ಬಣ್ಣ ಚಕ್ಕೆಯೆದ್ದು ಮಣ್ಣಿಗೆ ಬೀಳುತ್ತದೆ. ಉಜ್ಜಿ ತೆಗೆಯಹೋದರೆ ಧೂಳಾಗಿ ಹರಡುತ್ತದೆ. ಎಳೆಯ ಮಕ್ಕಳ ಮೆದುಳಿಗೆ ಸೀಸ ಶಾಶ್ವತ ಹಾನಿ ಮಾಡಬಲ್ಲದು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಳು.

ಅವರು ಆ ಕಿಟಕಿಗಳನ್ನು ಬಳಸಲಿಲ್ಲ. ಇಷ್ಟರಲ್ಲಿ ಮಿತ್ರರೊಬ್ಬರು, "ನಿಮಗೆ ಬೇಡವಾದರೆ ನನಗೆ ಕೊಡಿ, ಮೇಲೊಂದು ಬಣ್ಣ ಬಳಿದುಕೊಳ್ಳುತ್ತೇನೆ" ಎಂದರು. ನಿಜವಾದ ಪರೀಕ್ಷೆ ಇದೇ. ತನ್ನ ಮೊಮ್ಮಗಳಿಗೆ ಆಗದ ವಸ್ತು ಇನ್ನೊಬ್ಬರ ಮಗುವಿಗೆ ಆದೀತೇ? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹಿಂಸಾಪ್ರದಾನವನ್ನು ವಿವರಿಸುವಾಗ ಶಸ್ತ್ರ, ಅಗ್ನಿಗಳೊಂದಿಗೆ ವಿಷವನ್ನೂ ಹೆಸರಿಸಿದ್ದಾರೆ. ಮಿತ್ರರು ಮುನಿಸಿಕೊಂಡರೂ ಅವರು ಕೊಡಲಿಲ್ಲ. ಕಾರಣವನ್ನು ವಿವರಿಸಿ, ಕಿಟಕಿಗಳನ್ನು ಸುತ್ತಿ ಕಟ್ಟಿ, ನಿಯಮದಂತೆ ವಿಲೇವಾರಿಗೆ ಒಪ್ಪಿಸಿದರು. ಕೆಲ ತಿಂಗಳ ಬಳಿಕ ಬಣ್ಣವಿಲ್ಲದ ಎರಡು ಅಲ್ಯೂಮಿನಿಯಂ ಕಿಟಕಿಗಳು ಬೇರೆಡೆ ದೊರೆತವು. ಹೊಸ ನೆಲ ಅಗೆಯದೆ, ಮೊದಲೇ ಇದ್ದ ಪಾತಿಯ ಮೇಲೆಯೇ ಪೆಟ್ಟಿಗೆ ಕೂರಿಸಿದರು.

ಕಟ್ಟಿದ ಮೇಲೂ ಎಚ್ಚರ ಬೇಕು. ಹೊರಗೆ ಚಳಿಯಿದ್ದರೂ ಬಿಸಿಲೇರಿದೊಡನೆ ಒಳಗೆ ಕಾವು ಬೇಗ ಹೆಚ್ಚುತ್ತದೆ. ಎಲೆ ಬಾಡುತ್ತದೆ, ಸಿಕ್ಕಿಬಿದ್ದ ಕೀಟಗಳು ಬೇಯುತ್ತವೆ. ಹೊರಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಸಮೀಪಿಸಿ ಬಿಸಿಲಿದ್ದರೆ ಮುಚ್ಚಳಕ್ಕೆ ಕಡ್ಡಿ ಆನಿಸಿ ಗಾಳಿ ಬಿಡಬೇಕು. ಸಂಜೆಗೆ ಮುನ್ನ ಒಳಗೆ ಯಾವ ಜೀವಿ ಸಿಕ್ಕಿಲ್ಲವೆಂದು ನೋಡಿ ಮುಚ್ಚಬೇಕು.

ಉಚಿತವಾಗಿ ಬಂದ ವಸ್ತುವಿಗೆ ವ್ಯಾಪಾರಿಯ ಖಾತೆಯಲ್ಲಿ ಬೆಲೆ ಸೊನ್ನೆ. ಶ್ರಾವಕನ ಖಾತೆಯಲ್ಲಿ ಹಾಗಲ್ಲ. ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನೂ ಬರೆದ ಮೇಲೆಯೇ ಲೆಕ್ಕ ಮುಗಿಯುತ್ತದೆ.