ರೀ, ನೆಟ್ ಹೋಯ್ತು!

ಈ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಪುರುಸೊತ್ತಿರಲಿಲ್ಲ ಅಂದರೆ ಅರ್ಧ ಸುಳ್ಳು. ಇದ್ದ ಪುರುಸೊತ್ತನ್ನೆಲ್ಲ ನಮ್ಮ ಹಾಲಿನಲ್ಲಿ ಟಿವಿ ಕೆಳಗೆ ಕೂತಿರೋ ಒಂದು ಕಪ್ಪು ಡಬ್ಬಿ ನುಂಗಿಹಾಕಿತು. ಇವತ್ತು ಅದರ ಪುರಾಣವನ್ನೇ ಹೇಳ್ತೀನಿ. ಕಂಪ್ಯೂಟರ್ ವಿಷಯ ಅಂದ್ರೆ ಆಗದವರು ನಡುವಿನ ಕೆಲವು ಪ್ಯಾರಾ ಹಾರಿಸ್ಕೊಂಡು ಬನ್ನಿ, ನನಗೇನೂ ಬೇಜಾರಿಲ್ಲ :-)

ಡಬ್ಬಿ ಅಂದೆನಲ್ಲ, ಅದು ಯಾವುದೋ ಆಫೀಸಿನವರು ಹಳೇದಾಯ್ತು ಅಂತ ಹೊರಗೆ ಹಾಕಿದ ಪುಟ್ಟ ಡೆಸ್ಕ್‌ಟಾಪು. ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದಿದ್ದೆ. 32 ಜಿಬಿ ರ‍್ಯಾಮ್ ತುಂಬಿ, ಪ್ರಾಕ್ಸ್‌ಮಾಕ್ಸ್ ಹಾಕಿ, ಮನೆಗೊಂದು ಸರ್ವರ್ ಅಂತ ಮಾಡಿಕೊಂಡೆ. "ಒಂದು ಕಂಪ್ಯೂಟರಿನೊಳಗೆ ಆರು ಕಂಪ್ಯೂಟರ್ ಹೇಗ್ರೀ ಇರುತ್ತೆ?" ಅಂತ ನನ್ನವಳು ಕೇಳಿದ್ದಳು. ವಠಾರ ಇದ್ದ ಹಾಗೆ ಕಣೇ ಅಂದಿದ್ದೆ. ಕಟ್ಟಡ ಒಂದೇ, ನಲ್ಲಿ ಒಂದೇ, ಮನೆ ಮಾತ್ರ ಆರು. ಒಂದು ಮನೆಯಲ್ಲಿ ಪೈ-ಹೋಲ್ ಇದೆ. ಜಾಹೀರಾತು ತಡೆಯೋದು, ಜೊತೆಗೆ ಎಲ್ಲರ ಫೋನುಗಳಿಗೂ ಯಾವ ವೆಬ್‌ಸೈಟು ಎಲ್ಲಿದೆ ಅಂತ ವಿಳಾಸ ಹೇಳೋದು ಅದರ ಕೆಲಸ. ಇನ್ನೊಂದರಲ್ಲಿ ಮನೆಯವರೆಲ್ಲರ ಫೋಟೋಗಳು. ಮತ್ತೊಂದರಲ್ಲಿ ಹಾಡು, ಸಿನಿಮಾ, ಮಗರಾಯನ ಕ್ರಿಕೆಟ್ ವಿಡಿಯೋಗಳು. ಹೀಗೆ. ಆರೂ ಮನೆಯವರು ಬೀದಿಗೆ ಬರೋಕೆ ಇರೋದು ಒಂದೇ ಗೇಟು, ಡಬ್ಬಿಯ ಹಿಂದಿರುವ ನೆಟ್‌ವರ್ಕ್ ಕಾರ್ಡು. ಈ ಗೇಟಿನ ವಿಷಯವೇ ಮುಂದಿನದ್ದೆಲ್ಲ.

ಶಿವರಾತ್ರಿ ಕಳೆದ ವಾರ ಶುರುವಾಯ್ತು. ಸಂಜೆ ಅಡುಗೆಮನೆಯಿಂದ ಕೂಗು, "ರೀ, ನೆಟ್ ಹೋಯ್ತು!" ಫೋನಿನಲ್ಲಿ ವೈಫೈ ಗುರುತು ಇದೆ, ಏನೂ ತೆರೆಯೊಲ್ಲ. ವಿಳಾಸ ಹೇಳೋ ಪೈ-ಹೋಲೇ ಕಾಣೆಯಾದ ಮೇಲೆ ಇನ್ನೇನು ತೆರೆಯುತ್ತೆ? ಡಬ್ಬಿ ನೋಡಿದರೆ ದೀಪ ಉರೀತಿದೆ, ಫ್ಯಾನ್ ತಿರುಗ್ತಿದೆ, ಲ್ಯಾಪ್‌ಟಾಪಿಂದ ಕರೆದರೆ ಮಾತ್ರ ಓಗೊಡೊಲ್ಲ. ಪವರ್ ಬಟನ್ ಐದಾರು ಸೆಕೆಂಡು ಅದುಮಿ ಹಿಡಿದು ಆರಿಸಿ, ಮತ್ತೆ ಹಚ್ಚಿದೆ. ಎರಡು ನಿಮಿಷದಲ್ಲಿ ಎಲ್ಲ ಸರಿ. ಗಂಡಸು ಅನ್ನಿಸಿಕೊಂಡೆ.

ನಾಲ್ಕು ದಿನಕ್ಕೆ ಮತ್ತೆ ಹೋಯ್ತು. ಆಮೇಲೆ ಎರಡು ದಿನಕ್ಕೆ. ಕೇಬಲ್ ಬದಲಾಯಿಸಿದೆ. ಸ್ವಿಚ್ಚಿನಲ್ಲಿ ಬೇರೆ ಪೋರ್ಟಿಗೆ ಹಾಕಿದೆ. ಬೇಸಿಗೆ ಕಾವಿರಬಹುದು ಅಂತ ಡಬ್ಬಿಯನ್ನು ಟಿವಿ ಕೆಳಗಿಂದ ತೆಗೆದು ಕಿಟಕಿ ಹತ್ತಿರ ಇಟ್ಟೆ. ಯುಪಿಎಸ್ ಮೇಲೂ ಅನುಮಾನ ಬಂತು. ನೆಟ್ ಕನೆಕ್ಷನ್ ಹುಡುಗನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದೆ. ಪಾಪ, ಬಂದು, ಟೆಸ್ಟರ್ ಹಾಕಿ ನೋಡಿ, "ಸರ್, ನಮ್ಮ ಲೈನು ಕ್ಲೀನಾಗಿದೆ" ಅಂದ. ಕಾಫಿ ಕುಡಿದು ಹೋದ.

ಆಗ ನನ್ನ ಪತ್ತೇದಾರಿ ತಲೆಗೆ ಒಂದು ವಿಷಯ ಹೊಳೀತು. ನೆಟ್ ಹೋದಾಗಲೆಲ್ಲ ಮಗರಾಯ ಹಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರ್ತಾನೆ! ಅವನಿಗೆ ಎಂಟನೇ ಕ್ಲಾಸು. ಕೋಚಿಂಗಿನಲ್ಲಿ ತೆಗೆದ ಬ್ಯಾಟಿಂಗ್ ವಿಡಿಯೋಗಳನ್ನು ಸರ್ವರಿನಿಂದ ಇಳಿಸಿಕೊಂಡು ನಿಧಾನಗತಿಯಲ್ಲಿ ನೋಡೋ ಹುಚ್ಚು. ವೈಫೈ ನಿಧಾನ ಅಂತ ಅದೇ ಸ್ವಿಚ್ಚಿಗೆ ಕೇಬಲ್ ಸಿಕ್ಕಿಸ್ಕೊಳ್ತಿದ್ದ. ಸರಿ, ಸಿಕ್ಕಿಸುವಾಗ ಸರ್ವರಿನ ಕೇಬಲ್ಲು ಎಳೆದು ಹಾಕ್ತಿದಾನೆ ಅಂತ ತೀರ್ಮಾನ ಮಾಡಿದೆ.

"ಅಪ್ಪಾ, ನಾನು ಅದನ್ನ ಮುಟ್ಟೇ ಇಲ್ಲ."

"ಮುಟ್ಟದೆ ತಾನಾಗೇ ಹೋಗುತ್ತೇನೋ?"

ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಳು. "ಮಗು ಅಷ್ಟು ಹೇಳ್ತಿದೆಯಲ್ಲೋ, ಮುಟ್ಟಿರ್ಲಿಕ್ಕಿಲ್ಲ" ಅಂದಳು. ನಾನು ಕೇಳಲಿಲ್ಲ. ಎರಡು ವಾರ ಲ್ಯಾಪ್‌ಟಾಪ್ ಬಂದ್ ಅಂತ ಆರ್ಡರ್ ಹೊರಡಿಸಿದೆ. ತಮಾಷೆ ನೋಡಿ, ಮಾರನೇ ದಿನದಿಂದ ಸಂಜೆ ನೆಟ್ ಹೋಗೋದು ನಿಂತೇಹೋಯ್ತು! ನೋಡಿದ್ಯಾ ಅಂತ ನನ್ನವಳ ಮುಂದೆ ಹುಬ್ಬು ಹಾರಿಸಿದೆ. ಅವಳು ಏನೂ ಹೇಳಲಿಲ್ಲ. ಮಗನೂ ಮಾತು ಬಿಟ್ಟ. ಊಟಕ್ಕೆ ಕೂತರೆ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ.

ಆದ್ರೆ ಭಾನುವಾರ ಬೆಳಗ್ಗೆ ಎದ್ದರೆ ನೆಟ್ ಇಲ್ಲ. ಮುಂದಿನ ಭಾನುವಾರ ಬೆಳಗ್ಗೆಯೂ ಇಲ್ಲ. ಎರಡು ಸಲವೂ ಬಟನ್ ಅದುಮಿದ್ದೆ. ರಾತ್ರಿ ಕದ್ದು ಎದ್ದು ಏನೋ ಮಾಡ್ತಾನೆ ಅಂದುಕೊಂಡೆ. ಈಗ ಬರೆಯೋವಾಗ ನಾಚಿಕೆ ಆಗುತ್ತೆ.

ಮೂರನೇ ಶನಿವಾರ ರಾತ್ರಿ ಎರಡೂ ಇಪ್ಪತ್ತಕ್ಕೆ ನೀರು ಕುಡಿಯೋಕೆ ಎದ್ದೆ. ಫೋನ್ ನೋಡಿದೆ, ನೆಟ್ ಇಲ್ಲ. ನೇರ ಮಗನ ರೂಮಿಗೆ ಹೋದೆ. ಅಜ್ಜಿ ಪಕ್ಕ ಬಾಯಿ ತೆರೆದುಕೊಂಡು ಮಲಗಿದ್ದಾನೆ, ಹೊದಿಕೆ ನೆಲದ ಮೇಲೆ. ಹಾಲಿಗೆ ಬಂದು ನೋಡಿದೆ, ಕೇಬಲ್ಲುಗಳೆಲ್ಲ ಎಲ್ಲಿದ್ದವೋ ಅಲ್ಲೇ.

ಆ ರಾತ್ರಿ ಮೊದಲ ಸಲ ಬಟನ್ ಒತ್ತಲಿಲ್ಲ. ಡಬ್ಬಿಯನ್ನು ಟಿವಿಗೆ ಸಿಕ್ಕಿಸಿ, ಕೀಬೋರ್ಡ್ ಹಾಕಿದೆ. ಯಂತ್ರ ಸತ್ತೇ ಇಲ್ಲ ಮಾರಾಯ್ರೇ! ವಠಾರದ ಆರೂ ಮನೆಯಲ್ಲಿ ದೀಪ ಉರೀತಿದೆ, ಎಲ್ಲರೂ ಒಳಗೊಳಗೇ ಮಾತಾಡ್ಕೊಂಡು ಆರಾಮಾಗಿದ್ದಾರೆ, ಗೇಟು ಮಾತ್ರ ಜಾಮ್. ಕಪ್ಪು ಪರದೆ ಮೇಲೆ ಎರಡೆರಡು ಸೆಕೆಂಡಿಗೆ ಒಂದೇ ಗೋಳು: ಇ1000ಇ, ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್. ಇ1000ಇ ಅನ್ನೋದು ಆ ಕಾರ್ಡನ್ನು ನಡೆಸೋ ಲಿನಕ್ಸ್ ಡ್ರೈವರಿನ ಹೆಸರು.

ಆ ಸಾಲಿನ ಕೆಳಗೆ ಟಿಡಿಎಚ್, ಟಿಡಿಟಿ ಅಂತ ಎರಡು ಸಂಖ್ಯೆ. ಅದೇನು ಅಂತ ಹೇಳಿಬಿಡ್ತೀನಿ. ದರ್ಶಿನಿ ಹೋಟೆಲ್ಲಿನ ದೋಸೆ ಕೌಂಟರ್ ನೆನೆಸ್ಕೊಳ್ಳಿ. ಕ್ಯಾಷಿಯರ್ ಟೋಕನ್‌ಗಳನ್ನು ಒಂದು ದುಂಡನೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡ್ತಾ ಹೋಗ್ತಾನೆ, ದೋಸೆ ಭಟ್ಟರು ಅದೇ ಕ್ರಮದಲ್ಲಿ ಒಂದೊಂದೇ ಎತ್ತಿಕೊಳ್ತಾ ಬರ್ತಾರೆ. ಡ್ರೈವರೇ ಕ್ಯಾಷಿಯರ್, ಕಾರ್ಡೇ ಭಟ್ಟರು. ತಟ್ಟೆಯಲ್ಲಿ ಸಾಮಾನ್ಯವಾಗಿ 256 ಜಾಗ. ಕ್ಯಾಷಿಯರ್ ಎಲ್ಲಿವರೆಗೆ ಇಟ್ಟಿದ್ದಾನೆ ಅನ್ನೋದು ಟಿಡಿಟಿ, ಭಟ್ಟರು ಎಲ್ಲಿವರೆಗೆ ಎತ್ತಿದ್ದಾರೆ ಅನ್ನೋದು ಟಿಡಿಎಚ್. ನನ್ನ ಪರದೆಯಲ್ಲಿ ಟಿಡಿಟಿ ಮುಂದೆ ಹೋಗಿ ಕಾದಿದೆ, ಟಿಡಿಎಚ್ ಇದ್ದಲ್ಲೇ ಕಲ್ಲಾಗಿದೆ. ಪಕ್ಕದಲ್ಲಿ ಜಿಫೀಸ್ ಅಂತ ಕರ್ನಲ್ಲಿನ ಗಡಿಯಾರದ ಸಂಖ್ಯೆ ಮಾತ್ರ ಏರ್ತಾನೇ ಇದೆ. ಅಂದರೆ ಭಟ್ಟರು ದೋಸೆ ಹುಯ್ಯೋ ಸೌಟು ಎತ್ತಿದವರು ಹಾಗೇ ನಿಂತುಬಿಟ್ಟಿದ್ದಾರೆ.

ಮೊದಲು ಕೀಬೋರ್ಡಿಂದಲೇ ಆ ಇಂಟರ್‌ಫೇಸನ್ನು ಒಮ್ಮೆ ಇಳಿಸಿ ಏರಿಸಿದೆ. ಫೋನಿಗೆ ಟಿಣ್ ಟಿಣ್ ಅಂತ ಮೆಸೇಜುಗಳು ಬಂದವು. ಬಟನ್ ಅದುಮಬೇಕಾಗೇ ಇರಲಿಲ್ಲ. ಅದುಮಿದರೂ ಒಮ್ಮೆ ಚಿಟಿಕೆ ಹೊಡೆದಷ್ಟು ಒತ್ತಿ ಬಿಟ್ಟಿದ್ದರೆ ಸಾಕಿತ್ತು, ಆರೂ ಮನೆಯವರಿಗೆ ಹೇಳಿ ಕಳಿಸಿ ಶಿಸ್ತಾಗಿ ಆಫ್ ಆಗ್ತಿತ್ತು. ನಾನು ಪ್ರತಿಸಲ ಕತ್ತು ಹಿಸುಕಿದ್ದೆ.

ಆಮೇಲೆ ಹಳೇ ಲಾಗುಗಳನ್ನು ತೆಗೆದೆ. ಜರ್ನಲ್‌ಸಿಟಿಎಲ್‌ಗೆ ಹಿಂದಿನ ಬೂಟಿನದ್ದು ತೋರಿಸು ಅಂದರೆ ತೋರಿಸುತ್ತೆ. ಮೊದಲ ದಿನದಿಂದ ಪ್ರತಿ ಸಲವೂ ಅದೇ ಗೋಳು ಬರೆದಿಟ್ಟಿದೆ. ನಾನು ಕೇಬಲ್ಲು, ಕಿಟಕಿ, ನೆಟ್ ಹುಡುಗ ಅಂತ ಊರೆಲ್ಲ ಸುತ್ತಿದ್ದೆ, ಅದು ಅಲ್ಲೇ ಬಿದ್ದಿತ್ತು.

ಭಟ್ಟರು ಯಾಕೆ ಕಲ್ಲಾಗ್ತಾರೆ? ಇಲ್ಲಿದೆ ನಿಜವಾದ ಸ್ವಾರಸ್ಯ. ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ 1500 ಬೈಟಿನಷ್ಟು. ದೊಡ್ಡ ಫೈಲನ್ನು ಹಾಗೆ ಚೂರು ಮಾಡೋದು ಪ್ರೊಸೆಸರಿಗೆ ಕಿರಿಕಿರಿ ಅಂತ, ಟಿಎಸ್‌ಒ ಅನ್ನೋ ವ್ಯವಸ್ಥೆಯಲ್ಲಿ ಕರ್ನಲ್ಲು 64 ಕೆಬಿವರೆಗಿನ ಗಟ್ಟಿಯನ್ನು ಹಾಗೇ ಕಾರ್ಡಿಗೆ ಎಸೆದು, ನೀನೇ ಹೆಚ್ಕೋ ಅನ್ನುತ್ತೆ. ಹತ್ತಿರ ಹತ್ತಿರ 45 ಚೂರು. ಒಳ್ಳೇ ಉಪಾಯವೇ. ಆದರೆ ಈ ಜಾತಿಯ ಕಾರ್ಡುಗಳಲ್ಲಿ ಕೆಲವು, ಹೊರಗೆ ಕಳಿಸೋ ಭಾರ ಒಂದೇಸಮ ಬಿದ್ದಾಗ, ಹೆಚ್ಚುತ್ತಾ ಹೆಚ್ಚುತ್ತಾ ಸ್ತಬ್ಧ ಆಗ್ತವೆ. ಗಮನಿಸಿ, ಹೊರಗೆ ಕಳಿಸೋವಾಗ. ಸರ್ವರಿಂದ ಭಾರೀ ಪ್ರಮಾಣದಲ್ಲಿ ಹೊರಗೆ ಹೋಗ್ತಿದ್ದದ್ದು ಎರಡೇ. ಒಂದು, ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಒಳರೂಮಿನ ಹಳೇ ಡಿಸ್ಕ್ ಡಬ್ಬಿಗೆ ಹೋಗೋ ವಾರದ ಬ್ಯಾಕಪ್ಪು. ಇನ್ನೊಂದು ಮಗರಾಯ ಇಳಿಸ್ಕೊಳ್ತಿದ್ದ ವಿಡಿಯೋ. ಅವನು ಕೂತಾಗಲೇ ನೆಟ್ ಹೋಗ್ತಿತ್ತು ಅನ್ನೋದು ನಿಜವೇ ಆಗಿತ್ತು. ಅವನು ಕೇಬಲ್ ಮುಟ್ಟಿರಲಿಲ್ಲ ಅನ್ನೋದೂ ನಿಜ.

ಮದ್ದು ಒಂದೇ ಸಾಲಿನದು. ಎತ್‌ಟೂಲ್ ಅನ್ನೋ ಸಲಕರಣೆಗೆ -ಕೆ ಅಂತ ಕೊಟ್ಟು, ಕಾರ್ಡಿನ ಹೆಸರು ಹೇಳಿ, ಟಿಎಸ್‌ಒ ಆಫ್ ಅನ್ನಬೇಕು. ದೊಡ್ಡ ಕೆ ಬದಲಾಯಿಸುತ್ತೆ, ಚಿಕ್ಕ ಕೆ ಬರೀ ತೋರಿಸುತ್ತೆ. ಮೂರು ಗಂಟೆ ರಾತ್ರಿಯಲ್ಲಿ ನಾನು ಚಿಕ್ಕ ಕೆ ಕೊಟ್ಟು ಕೊಟ್ಟು ಬೈಸಿಕೊಂಡೆ. ಆಮೇಲೆ ನಿಜವಾದ ಕಾರ್ಡಿನ ಬದಲು ಪ್ರಾಕ್ಸ್‌ಮಾಕ್ಸಿನ ಬ್ರಿಡ್ಜಿನ ಹೆಸರು ಕೊಟ್ಟು ಸರಿಹೋಯ್ತು ಅಂದುಕೊಂಡೆ. ಬ್ರಿಡ್ಜು ಅಂದರೆ ವಠಾರದ ಅಂಗಳ. ಗೇಟು ಜಾಮ್ ಆದರೆ ಅಂಗಳ ಗುಡಿಸಿ ಏನು ಪ್ರಯೋಜನ? ಇನ್ನೊಂದು ಎಡವಟ್ಟು: ಹಾಗೆ ಟೈಪ್ ಮಾಡಿದ್ದು ರೀಬೂಟ್ ಆದರೆ ಮಾಯ. ನೆಟ್‌ವರ್ಕ್ ಇಂಟರ್‌ಫೇಸುಗಳ ಸಂರಚನೆಯ ಫೈಲಿನಲ್ಲಿ, ಆ ಕಾರ್ಡಿನ ಕೆಳಗೆ, ಪೋಸ್ಟ್-ಅಪ್ ಅಂತ ಸಾಲು ಸೇರಿಸಿ ಅದೇ ಆಜ್ಞೆ ಬರೆದಿಟ್ಟರೆ ಪ್ರತಿ ಸಲ ತಾನೇ ಆಗುತ್ತೆ.

ಪರೀಕ್ಷೆಗೆ ಐಪರ್ಫ್ ಹಚ್ಚಿ ಸರ್ವರಿಂದ ಲ್ಯಾಪ್‌ಟಾಪಿಗೆ ಒಂದೇಸಮ ಸುರಿಸಿದೆ. ಟಿಎಸ್‌ಒ ಇದ್ದಾಗ ಅರ್ಧ ಗಂಟೆಯೊಳಗೆ ಭಟ್ಟರು ಕಲ್ಲು. ಆರಿಸಿದಾಗ ರಾತ್ರಿಯಿಡೀ ಓಡಿತು. ಉಲ್ಟಾ ದಿಕ್ಕಿನಲ್ಲಿ ಸುರಿಸಿದರೆ ಎರಡರಲ್ಲೂ ತೊಂದರೆ ಇಲ್ಲ. ವೇಗ ಎರಡರಲ್ಲೂ 940 ಮೆಗಾಬಿಟ್ ಆಸುಪಾಸು, ಪ್ರೊಸೆಸರ್ ಒಂಚೂರು ಹೆಚ್ಚು ಬೆವರುತ್ತೆ ಅಷ್ಟೇ. ನನ್ನದರಲ್ಲಿ ಅಷ್ಟೇ ಸಾಕಾಯ್ತು. ಕೆಲವರು ಜಿಎಸ್‌ಒ, ಜಿಆರ್‌ಒ ಕೂಡ ಆರಿಸ್ತಾರೆ. ನಿಮ್ಮಲ್ಲಿ ಯಾರಿಗಾದ್ರೂ ಇದೇ ಕಾಟ ಇದ್ದರೆ ಒಂದೊಂದಾಗಿ ಆರಿಸಿ ನೋಡಿ, ಆಗ ಯಾವುದು ಕಾರಣ ಅಂತಾನಾದ್ರೂ ಗೊತ್ತಾಗುತ್ತೆ.

ಅಂದಹಾಗೆ ಇ1000ಇ ಹೆಸರು ಕೇಳಿ ಹಳಬರಿಗೆ 2008 ನೆನಪಾಗಬಹುದು. ಆಗ ನಾವೆಲ್ಲ ಬ್ಲಾಗು ಶುರು ಮಾಡಿದ ಹುರುಪಿನಲ್ಲಿದ್ವಿ. ಲಿನಕ್ಸ್ 2.6.27 ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಈ ಡ್ರೈವರ್ ಇದ್ದ ಕಾರ್ಡುಗಳ ಒಳಗಿನ ಶಾಶ್ವತ ಮೆಮೊರಿಯೇ ಕೆಟ್ಟುಹೋಗಿ, ಕಾರ್ಡು ಕೆಲಸಕ್ಕೆ ಬಾರದ ಹಾಗೆ ಆಗ್ತಿತ್ತು. ಎಲ್ಲರ ಕಣ್ಣೂ ಡ್ರೈವರ್ ಮೇಲೆ. ಕೊನೆಗೆ ಹುಡುಕಿದರೆ ತಪ್ಪು ಡ್ರೈವರಿನದ್ದಲ್ಲ, ಎಫ್‌ಟ್ರೇಸ್ ಅನ್ನೋ ಕರ್ನಲ್ಲಿನ ಬೇರೆಯೇ ಒಂದು ಭಾಗ ತಾನು ಬರೆಯಬಾರದ ಜಾಗದಲ್ಲಿ ಬರೀತಿತ್ತು. ಅದನ್ನು ಆಗ ಓದಿ ತಿಳಿದಿದ್ದವನೇ ನಾನು, ಈಗ ಮನೆಯಲ್ಲಿ ಮಾಡಿದ್ದು ಇದು.

ಬೆಳಗ್ಗೆ ಮಗ ಎದ್ದ ಮೇಲೆ ಹೇಳಿದೆ. "ಲೋ, ತಪ್ಪು ನಿಂದಲ್ಲ ಕಣೋ, ಕಾರ್ಡಿಂದು. ನಾನು ಸುಮ್ಮನೆ ಬೈದೆ." ಅವನು ಹಲ್ಲುಜ್ಜುತ್ತಾ "ನಾನ್ ಅವತ್ತೇ ಹೇಳಿದ್ನಲ್ಲ" ಅಂದ. ಅಷ್ಟೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೆಟ್ ಹುಡುಗನಿಗೂ ಫೋನ್ ಮಾಡಿದೆ. ಅವನಿಗೆ ನಾನು ಯಾರು ಅಂತಾನೇ ನೆನಪಾಗಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆರೂ ಮನೆ ಒಂದು ಸುತ್ತು ನೋಡೋಣ ಅಂತ ಹೋದರೆ ಫೋಟೋ ಮನೆಯ ಡೇಟಾಬೇಸ್ ಎದ್ದೇ ಇಲ್ಲ. ಹಿಂದಿನ ಭಾನುವಾರ ಕತ್ತು ಹಿಸುಕಿದಾಗಲೇ ಕೆಟ್ಟಿದೆ, ವಾರವಿಡೀ ಯಾರೂ ತೆರೆದು ನೋಡಿಲ್ಲ. ಏನು ಮಾಡಿದರೂ ಎಬ್ಬಿಸೋಕಾಗಲಿಲ್ಲ. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ಹೋದರೆ, ಮೂರು ಭಾನುವಾರದ ಬ್ಯಾಕಪ್ಪೂ ಅರ್ಧಕ್ಕೆ ನಿಂತಿದೆ. ನೆಟ್ ಸತ್ತಿದ್ದೇ ಬ್ಯಾಕಪ್ ನಡುವೆ ಅಲ್ಲವೇ. ಸರಿಯಾಗಿದ್ದದ್ದು 21 ದಿನ ಹಳೇದು.

ಫೋಟೋ ಫೈಲುಗಳು ಬೇರೆ ಡಿಸ್ಕಿನಲ್ಲಿದ್ದವು, ಒಂದೂ ಹೋಗಲಿಲ್ಲ. ಹೋದದ್ದು ಹೆಸರುಗಳು. ಎರಡು ವಾರದ ಹಿಂದೆ ಒಂದು ಮಧ್ಯಾಹ್ನ ಊಟ ಆದಮೇಲೆ, ಊರಿಂದ ತಂದು ಸ್ಕ್ಯಾನ್ ಮಾಡಿದ್ದ ಹಳೇ ಕಪ್ಪುಬಿಳುಪು ಫೋಟೋಗಳನ್ನು ಟಿವಿಯಲ್ಲಿ ಹಾಕಿ ಅಮ್ಮನನ್ನು ಕೂರಿಸಿದ್ದೆ. ಇವರು ದೊಡ್ಡಜ್ಜನ ಭಾವ, ಇವಳು ಮೇಗರವಳ್ಳಿಗೆ ಕೊಟ್ಟ ಅತ್ತೆ, ಈ ಹುಡುಗ ಆಮೇಲೆ ಮುಂಬಯಿಗೆ ಓಡಿಹೋದ.. ಹೀಗೆ ಒಂದೊಂದೇ ಮುಖಕ್ಕೆ ಹೆಸರು ಹೇಳ್ತಾ ಹೋಗಿದ್ದಳು, ನಾನು ಟೈಪ್ ಮಾಡ್ತಾ ಹೋಗಿದ್ದೆ. ಕಾಗದದ ಮೇಲೆ ಬರೆದುಕೊಂಡಿರಲಿಲ್ಲ. ಸರ್ವರ್ ಇದೆಯಲ್ಲ ಅಂತ.

ಮತ್ತೆ ಕೂತ್ವಿ. ಈ ಸಲ ಟೈಪ್ ಮಾಡಿದ್ದು ಮಗರಾಯ, ಲ್ಯಾಪ್‌ಟಾಪ್ ಅವನ ಕೈಗೆ ವಾಪಸ್ ಕೊಟ್ಟಿದ್ದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ನಾನೂ ಬರೆದುಕೊಂಡೆ. ಮುಕ್ಕಾಲು ಪಾಲು ಸಲೀಸಾಗಿ ಬಂತು. ಅಜ್ಜನ ಮದುವೆಯ ಗುಂಪು ಫೋಟೋದಲ್ಲಿ ಬಲತುದಿಗೆ ಪೇಟ ಸುತ್ತಿಕೊಂಡು ನಿಂತ ಒಬ್ಬರ ಹತ್ತಿರ ಅಮ್ಮ ನಿಂತಳು.

"ಇವರು.. ಅವತ್ತು ಹೇಳಿದ್ದೆ ಅಲ್ಲನೋ?"

ಹೇಳಿದ್ದಳು. ನಾನು ಟೈಪ್ ಕೂಡ ಮಾಡಿದ್ದೆ. ನನಗೆ ನೆನಪಿಲ್ಲ. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. "ನಾಲಗೆ ತುದಿಯಲ್ಲೇ ಇದೆ" ಅಂದಳು. ಮಗ ಒಂದೈದು ನಿಮಿಷ ಕಾದ. "ಇರ್ಲಿ ಬಿಡಜ್ಜಿ, ಆಮೇಲೆ ಹಾಕೋಣ" ಅಂತ ಮುಂದಿನ ಫೋಟೋಗೆ ಹೋದ.

ಅಮ್ಮ ಈಗ ಊರಿಗೆ ಹೋಗಿದಾಳೆ. ಕೊಪ್ಪದಲ್ಲಿರೋ ಚಿಕ್ಕಮ್ಮನನ್ನು ಕೇಳಿ ಹೇಳ್ತೀನಿ ಅಂದಿದ್ದಳು. ನಿನ್ನೆ ಫೋನ್ ಮಾಡಿದ್ದೆ, ಚಿಕ್ಕಮ್ಮನಿಗೂ ಗೊತ್ತಾಗಲಿಲ್ಲವಂತೆ.